ಟಪಾಲು ವಿಭಾಗದ ಗೋಂದಿನ ಬಾಟಲಿ

ಬೀದಿಯವರೆಲ್ಲ ಅವಳನ್ನು ಗೋಂದಮ್ಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ ಹಾಗೇ ಕರೆಯುತ್ತಿದ್ದರು. ಅವಳೂ ಬೇಸರವಿಲ್ಲದೆ ಓಗೊಡುತ್ತಿದ್ದಳು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಗೋಂದು ಕಾಯಿಸುತ್ತ ಬಂದ ಹೆಂಗಸಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ತಾನೇ ಎಲ್ಲಿಂದ ತರುವುದು? ಮರದ ಗೋಂದಿನ ಹರಳುಗಳನ್ನು ಸಂಜೆ ನೆನೆಹಾಕುವುದು, ಬೆಳಿಗ್ಗೆ ಸಣ್ಣ ಉರಿಯಲ್ಲಿ ಕರಗಿಸುವುದು, ಎರಡು ಪದರದ ಬಟ್ಟೆಯಲ್ಲಿ ಸೋಸುವುದು, ಬೂಸಲು ಹಿಡಿಯದಿರಲೆಂದು ನಾಲ್ಕು ಹನಿ ಲವಂಗದೆಣ್ಣೆ ಬಿಡುವುದು, ಆರಿದ ಮೇಲೆ ಬೆರಳುದ್ದದ ಬಾಟಲಿಗಳಿಗೆ ತುಂಬುವುದು. ಕಸುಬು ಇಷ್ಟೇ. ಆದರೆ ಆ ಲವಂಗದ ವಾಸನೆ ಅವಳ ಬಟ್ಟೆ, ಕೂದಲು, ಅಂಗೈಯ ಗೆರೆಗಳಲ್ಲೆಲ್ಲ ಸೇರಿಕೊಂಡುಬಿಟ್ಟಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು ಮೂಗರಳಿಸಿ, "ಯಾರಿಗೋ ಹಲ್ಲುನೋವು ಅಂತ ಕಾಣುತ್ತೆ" ಎಂದು ಸುತ್ತ ನೋಡುತ್ತಿದ್ದರು. ಅವಳು ಕಿಟಕಿಯಾಚೆ ಮುಖಮಾಡಿ ಒಳಗೊಳಗೇ ನಗುತ್ತಿದ್ದಳು.

ಆ ಕಸುಬು ಶುರುಮಾಡಿದವನು ಅವಳ ಗಂಡ. ಅವನು ತೀರಿಕೊಂಡು ಮೂರು ವರ್ಷವಾಗಿತ್ತು. ಈಗ ಗೋಂದು ಕಾಯಿಸುವುದು ಅವಳು, ಬಾಟಲಿಗೆ ಚೀಟಿ ಅಂಟಿಸಿ ಪೆಟ್ಟಿಗೆ ತುಂಬುವುದು ಸೊಸೆ, ಅಂಗಡಿ ಅಂಗಡಿಗೆ ಮುಟ್ಟಿಸುವುದು ಮಗ. ಸೊಸೆ ಮದುವೆಗೆ ಮುಂಚೆ ಆರು ವರ್ಷ ದೊಡ್ಡ ಸ್ಟೇಷನರಿ ಅಂಗಡಿಯೊಂದರ ಕೌಂಟರಿನಲ್ಲಿ ನಿಂತವಳು. ಗಿರಾಕಿಗಳ ಗೊಣಗಾಟವನ್ನು ಕಿವಿಯಲ್ಲಿ ತುಂಬಿಕೊಂಡೇ ಈ ಮನೆಗೆ ಕಾಲಿಟ್ಟಿದ್ದಳು. ಒಂದು ಬೆಳಿಗ್ಗೆ ಅವಳು ಶೆಡ್ಡಿನ ಮೂಲೆಯಲ್ಲಿ ಕೂತು ಬಾಟಲಿಯೊಂದರ ಮುಚ್ಚಳವನ್ನು ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸುತ್ತಿದ್ದಳು.

"ನೋಡಿ ಅತ್ತೆ, ನಾನೇ ನಿನ್ನೆ ತೆಗೆದ ಬಾಟಲಿ ಇದು. ಇವತ್ತು ಜಪ್ಪಯ್ಯ ಅಂದ್ರೂ ಬಿಡ್ತಾ ಇಲ್ಲ. ನಮ್ಮ ಗೋಂದು ಒಳ್ಳೇದೇ. ಆದರೆ ಕಾಗದಕ್ಕಿಂತ ಮೊದಲು ಮುಚ್ಚಳಕ್ಕೆ ಅಂಟುತ್ತೆ."

"ಅಂಟೋದು ಗೋಂದಿನ ಧರ್ಮ ಕಣೇ. ಅಂಟದೆ ಇದ್ದರೆ ಅದನ್ನ ನೀರು ಅಂತಾರೆ."

"ನೀವು ಧರ್ಮ ಅಂತೀರಿ, ಅಂಗಡಿಯವರು ಕರ್ಮ ಅಂತಾರೆ" ಎಂದಳು ಸೊಸೆ. ಗೋಂದಮ್ಮನಿಗೆ ನಗು ತಡೆಯಲಾಗಲಿಲ್ಲ.

ಸೊಸೆ ಸುಮ್ಮನೆ ದೂರುವವಳಲ್ಲ. ದೂರಿನ ಜೊತೆ ಮದ್ದನ್ನೂ ತಂದಿದ್ದಳು. ಜೇಬಿನಿಂದ ಒಂದು ಬಿಳಿ ಮುಚ್ಚಳ ತೆಗೆದು ಅತ್ತೆಯ ಅಂಗೈಯಲ್ಲಿಟ್ಟಳು. ಹಳೆಯದಕ್ಕೆ ತಿರುಪು ಇತ್ತು, ಇದಕ್ಕಿರಲಿಲ್ಲ; ಒತ್ತಿದರೆ ಕೂರುತ್ತಿತ್ತು, ಎಳೆದರೆ ಟಪ್ಪೆಂದು ಬರುತ್ತಿತ್ತು. ಜೊತೆಗೆ ಬಾಟಲಿಯ ಕತ್ತಿನೊಳಗೆ ಕೂರುವ ಒಂದು ಸಣ್ಣ ಬಳೆ. ಬ್ರಷ್ಷು ಮೇಲೆ ಬರುವಾಗ ಆ ಬಳೆಗೆ ಒರೆಸಿಕೊಂಡು ಬರುತ್ತಿತ್ತು, ಹೆಚ್ಚಾದ ಗೋಂದು ಒಳಗೇ ಬೀಳುತ್ತಿತ್ತು, ಕತ್ತಿಗೆ ಮೆತ್ತುತ್ತಿರಲಿಲ್ಲ. ಲೇತ್ ಅಂಗಡಿಯವನಿಗೆ ಕಾಡಿ ಬೇಡಿ ಮೂವತ್ತು ಜೊತೆ ಕೈಯಲ್ಲೇ ಕಡೆಸಿಕೊಂಡು ಬಂದಿದ್ದಳು.

"ಚೆನ್ನಾಗಿದೆ ಅಂತ ನನಗೆ ಅನ್ನಿಸುತ್ತೆ. ಆದರೆ ನನಗನ್ನಿಸಿದರೆ ಸಾಕಾ? ಒಂದು ಸಲ ಅಚ್ಚು ಕೊರೆಸಿದರೆ ಹಿಂದಕ್ಕೆ ಬರೋ ಹಾಗಿಲ್ಲ. ಮೊದಲು ಬಳಸೋರ ಕೈಗೆ ಕೊಟ್ಟು ನೋಡೋಣ. ಒಬ್ಬೊಬ್ಬರಿಗೂ ಒಂದು ಹಳೇದು, ಒಂದು ಹೊಸದು. ಹದಿನೈದು ದಿನ ಬಿಟ್ಟು ಹೋಗಿ ಯಾವುದನ್ನ ಹೆಚ್ಚು ಬಳಸಿದ್ದಾರೆ ನೋಡೋಣ."

"ಮಾಡು" ಎಂದಳು ಗೋಂದಮ್ಮ. ದನಿ ಅವಳಿಗೇ ಬೇರೆ ಯಾರದೋ ಎನ್ನಿಸಿತು.

ಸೊಸೆ ಎದ್ದುಹೋದ ಮೇಲೆ ಅವಳು ಒಲೆಯ ಉರಿ ತಗ್ಗಿಸಿ, ಹಳೆಯ ತಿರುಪಿನ ಮುಚ್ಚಳವೊಂದನ್ನು ಕೈಯಲ್ಲಿ ಹಿಡಿದು ಕೂತಳು. ಅಂಟುವ ಮುಚ್ಚಳವೆಂದರೆ ಲೋಕಕ್ಕೆಲ್ಲ ಕಿರಿಕಿರಿ. ಅವಳ ಮಟ್ಟಿಗೆ ಅದು ಮದುವೆ ಕುದುರಿಸಿದ ದಲ್ಲಾಳಿ. ಇದನ್ನು ಸೊಸೆಯ ಮುಂದೆ ಯಾವ ಬಾಯಲ್ಲಿ ಹೇಳುವುದು?

ಇಪ್ಪತ್ಮೂರನೆಯ ವಯಸ್ಸಿಗೆ ಅವಳು ದೊಡ್ಡ ಕಚೇರಿಯೊಂದರ ಟಪಾಲು ವಿಭಾಗಕ್ಕೆ ಸೇರಿದ್ದಳು. ಕಿಟಕಿಯ ಪಕ್ಕದ ಮೇಜು, ಮೇಜಿನ ತುಂಬ ಲಕೋಟೆ, ಕಿಟಕಿಕಟ್ಟೆಯ ಮೇಲೆ ಒಂದೇ ಒಂದು ಗೋಂದಿನ ಬಾಟಲಿ. ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ಬಾಟಲಿಗೆ ಕೈಹಾಕಿ ಇನ್ನೂ ಮುಚ್ಚಳ ತಿರುಗಿಸಿಯೂ ಇರಲಿಲ್ಲ, ಎದುರಿನ ಕಡತದ ಕೋಣೆಯಿಂದ ಒಬ್ಬ ಎದ್ದುಬಂದ. ಕಡ್ಡಿಯಂಥ ಆಳು, ಮೊಣಕೈವರೆಗೆ ಮಡಿಚಿದ ತೋಳು, ಅಂಗಿಯ ಜೇಬಿನ ಮೇಲೆ ಶಾಯಿಯ ಕಲೆ.

"ಕೊಡಿ ಇಲ್ಲಿ. ಅದು ಅಂಟಿಕೊಂಡಿರುತ್ತೆ. ನಿಮ್ಮ ಕೈಲಾಗೋ ಕೆಲಸ ಅಲ್ಲ."

ಅವಳ ಅಪ್ಪನದು ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿ. ಹತ್ತು ವರ್ಷದವಳಿದ್ದಾಗಿನಿಂದ ಪುಸ್ತಕ ಒತ್ತುವ ಕಬ್ಬಿಣದ ಯಂತ್ರದ ಚಕ್ರ ತಿರುಗಿಸಿ ತಿರುಗಿಸಿ ಅವಳ ಮಣಿಕಟ್ಟು ಆ ಕಬ್ಬಿಣದಷ್ಟೇ ಗಟ್ಟಿಯಾಗಿತ್ತು. ಅಣ್ಣಂದಿರಿಬ್ಬರೂ ಅವಳೊಂದಿಗೆ ಕೈಮಡಿಸುವ ಪಂದ್ಯಕ್ಕೆ ಕೂರಲು ಹಿಂಜರಿಯುತ್ತಿದ್ದರು. "ನನ್ನ ಕೈಲಾಗುತ್ತೆ ಬಿಡಿ" ಎಂದು ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಆ ಕಡ್ಡಿ ಆಳು ಬಾಟಲಿಯೊಂದಿಗೆ ಕುಸ್ತಿಗಿಳಿದಾಗಿತ್ತು. ಮುಖ ಕೆಂಪಾಯಿತು, ಹಣೆಯ ನರ ಉಬ್ಬಿತು, ಕೊನೆಗೆ ಕಟಕ್ಕೆಂದು ಮುಚ್ಚಳ ಬಿಟ್ಟಿತು. ಕೋಟೆ ಗೆದ್ದ ದಳವಾಯಿಯ ಹಾಗೆ ಅದನ್ನು ಅವಳ ಮುಂದಿಟ್ಟು, "ದಿನಾ ಅಂಟುತ್ತೆ. ಸಂಕೋಚ ಬೇಡ, ನಾಳೆಯೂ ಕರೀರಿ" ಎಂದ.

ಅವಳು ಕರೆದಳು. ಹದಿನಾಲ್ಕು ತಿಂಗಳು, ರಜೆ ಬಿಟ್ಟು ಪ್ರತಿ ಬೆಳಿಗ್ಗೆ. ಮೊದಮೊದಲು ಮುಚ್ಚಳ ತೆಗೆಯುವಷ್ಟು ಹೊತ್ತಿನ ಮಾತು. ಬರಬರುತ್ತ ಮುಚ್ಚಳ ತೆಗೆದ ಮೇಲೂ ಮುಗಿಯದ ಮಾತು. ಒಂದು ಸಲ ಅವನು ಜ್ವರವೆಂದು ಆರು ದಿನ ಬರಲಿಲ್ಲ. ಆ ಆರು ದಿನವೂ ಅವಳು ಒಂದೇ ತಿರುವಿಗೆ ಬಾಟಲಿ ತೆಗೆದು ಕೆಲಸ ಮುಗಿಸಿದಳು. ಏಳನೆಯ ದಿನ ಅವನು ಬಂದಾಗ, ಏನೂ ಅರಿಯದ ಬೆಕ್ಕಿನ ಹಾಗೆ ಮುಖಮಾಡಿಕೊಂಡು ಬಾಟಲಿ ಮುಂದೆ ಹಿಡಿದಳು.

ಮದುವೆಯಾದ ಮೇಲೆ ಮೂವತ್ತೆರಡು ವರ್ಷ ಜೊತೆಗಿದ್ದರು. ಕಚೇರಿಯ ಗೋಂದು ಗೋಂದೇ ಅಲ್ಲ, ಗಂಜಿ ಎಂದು ಹಠತೊಟ್ಟು ಅವನು ಮನೆಯಲ್ಲೇ ಗೋಂದು ಮಾಡಿದ. ಮಗ ಹುಟ್ಟಿದ ವರ್ಷ ಕೆಲಸ ಬಿಟ್ಟು ಅದನ್ನೇ ಕಸುಬು ಮಾಡಿಕೊಂಡ. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ತನ್ನ ಮಣಿಕಟ್ಟಿನ ಗುಟ್ಟು ಬಿಟ್ಟುಕೊಡಲಿಲ್ಲ. ಮನೆಯಲ್ಲಿ ಯಾವ ಡಬ್ಬಿ ಬಿಗಿಯಾದರೂ "ರೀ, ಬನ್ನಿ ಸ್ವಲ್ಪ" ಎಂದು ಕೂಗುತ್ತಿದ್ದಳು. ಅವನು ಬಂದು ಏದುಸಿರು ಬಿಡುತ್ತ ತೆಗೆದುಕೊಡುತ್ತಿದ್ದ. ಅಂಗಡಿಯವರು ಮುಚ್ಚಳದ ಬಗ್ಗೆ ಆಗಲೂ ಗೊಣಗುತ್ತಿದ್ದರು. ಅವಳು ಒಂದೆರಡು ಸಲ ಹೇಳಿಯೂ ಇದ್ದಳು. ಅವನು ಸೂರಿನ ಕಡೆ ನೋಡುತ್ತ, "ಅದು ಹಾಗೇ ಇರಲಿ ಬಿಡೇ" ಎಂದಿದ್ದ. ಯಾಕೆಂದು ಅವಳೂ ಕೇಳಿರಲಿಲ್ಲ.

ಪರೀಕ್ಷೆಯ ಮೊದಲ ದಿನವೇ ಅತ್ತೆ ಸೊಸೆಗೆ ಜಗಳವಾಯಿತು. ಇಬ್ಬರೂ ಕೂಡಿ ಹತ್ತಿರದ ಶಾಲೆಗೆ, ಮಕ್ಕಳಿಗೆ ಕರಕುಶಲ ಕಲಿಸುವ ಟೀಚರ ಬಳಿ ಹೋಗಿದ್ದರು. ಸೊಸೆ ಎರಡೂ ಬಾಟಲಿ ಮೇಜಿನ ಮೇಲಿಟ್ಟು ಸುಮ್ಮನೆ ನಿಂತಳು. ಗೋಂದಮ್ಮನ ನಾಲಿಗೆ ಸುಮ್ಮನಿರಲಿಲ್ಲ.

"ಈ ತಿರುಪಿನದು ನಮ್ಮ ಯಜಮಾನರು ಆರಿಸಿದ್ದು ಟೀಚರ್. ಮೂವತ್ತು ವರ್ಷದಿಂದ ಬಂದಿದ್ದು. ಗಟ್ಟಿಮುಟ್ಟು. ಇದು ಹೊಸದು, ಏನೋ ಹುಡುಗರು ಮಾಡಿದ್ದು."

ಟೀಚರು ಒಳ್ಳೆಯ ಮನಸ್ಸಿನವರು. ಅಗಲಿದ ಯಜಮಾನರ ಮಾತು ಬಂದ ಮೇಲೆ ಇನ್ನೇನು ಹೇಳಿಯಾರು? "ಹಳೇದೇ ಚೆನ್ನಾಗಿದೆ ಬಿಡಿ ಅಮ್ಮ" ಎಂದುಬಿಟ್ಟರು.

ಎರಡೂ ಬಾಟಲಿ ಅಲ್ಲೇ ಬಿಟ್ಟು ಸೊಸೆ ಶಾಲೆಯ ಗೇಟು ದಾಟಿದಳು. ಬೀದಿಗೆ ಬಂದದ್ದೇ, "ಅತ್ತೆ, ನೀವು ಪರೀಕ್ಷೆ ಮಾಡ್ಲಿಲ್ಲ. ಶಿಫಾರಸು ಕೇಳಿದ್ರಿ" ಎಂದಳು.

"ಇದ್ದದ್ದು ಹೇಳಿದೆನಪ್ಪ. ಅದರಲ್ಲೇನು ತಪ್ಪು?"

"ಹೆತ್ತವರಿಗೆ ಹೆಗ್ಗಣ ಮುದ್ದು. ನಾವು ಬಾಯಿ ಬಿಟ್ಟರೆ ಅವರು ನಮ್ಮ ಮುಖ ನೋಡಿ ಉತ್ತರ ಕೊಡ್ತಾರೆ. ಚೆನ್ನಾಗಿದೆಯಾ ಅಂತ ಕೇಳಲೇಬಾರದು. ಬಾಯಿ ಸುಳ್ಳು ಹೇಳುತ್ತೆ ಅತ್ತೆ, ಕೈ ಹೇಳಲ್ಲ. ಕೈ ನೋಡಬೇಕು. ಕೌಂಟರಿನಲ್ಲಿ ನಾನು ಕಲಿತದ್ದು ಇದೊಂದೇ."

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ಮನೆ ಹೇಳ್ತಾರಾ" ಎಂದು ಗೊಣಗಿದಳು ಗೋಂದಮ್ಮ. ಮನೆ ತಲುಪುವವರೆಗೆ ಇಬ್ಬರೂ ರಸ್ತೆಯ ಒಂದೊಂದು ಅಂಚು ಹಿಡಿದು ನಡೆದರು. ಸಂಜೆ ಹರಳು ನೆನೆಹಾಕುವಾಗ ಸೊಸೆ ತಾನಾಗಿ ಬಂದು ಪಕ್ಕ ಕೂತಳು.

"ಮಾವನ ಮೇಲೆ ನನಗೆ ಬೇಸರ ಇಲ್ಲ ಅತ್ತೆ."

"ಗೊತ್ತು ಕಣೇ. ನನಗೂ ನಿನ್ನ ಮೇಲಿಲ್ಲ" ಎಂದಳು ಗೋಂದಮ್ಮ. "ನಾಳೆಯಿಂದ ನಾನು ಮೂಗಿ. ಸರಿನಾ?"

ಮಾತಿಗೆ ತಪ್ಪಲಿಲ್ಲ. ಮುಂದಿನ ವಾರವೆಲ್ಲ ಅವಳು ಬಾಟಲಿ ಕೊಟ್ಟು, "ಎರಡನ್ನೂ ಬಳಸಿ ನೋಡಿ" ಎಂಬ ಒಂದೇ ವಾಕ್ಯ ಹೇಳಿ, ನಾಲಿಗೆ ಕಚ್ಚಿಕೊಂಡು ಕೂತು, ಜನರ ಕೈ ನೋಡಿದಳು. ನೋಡುತ್ತ ಹೋದಂತೆ ಅವಳಿಗೇ ಅದರಲ್ಲಿ ರುಚಿ ಹತ್ತಿತು. ಫೋಟೋಗಳಿಗೆ ಕಟ್ಟು ಹಾಕುವವನು ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತಿರುಗಿಸುವುದನ್ನು ಕಂಡಳು. ಅವನ ಮುಂದಿನ ಹಲ್ಲೊಂದರ ಅಂಚು ಮುಕ್ಕಾಗಿತ್ತು. ಲಕೋಟೆ ಮಾಡಿ ಮಾರುವ ಹೆಂಗಸೊಬ್ಬಳು ಎಡಗೈಯಲ್ಲಿ ಕಾಗದದ ಮಡಿಕೆ ಒತ್ತಿಹಿಡಿದು, ಬಲಗೈ ಒಂದರಲ್ಲೇ ಎಲ್ಲವನ್ನೂ ಮಾಡುತ್ತಿದ್ದಳು. ತಿರುಪಿನ ಬಾಟಲಿಯನ್ನು ಮೊಣಕಾಲ ಸಂದಿಗೆ ಸಿಕ್ಕಿಸಿಕೊಳ್ಳಬೇಕಾಗುತ್ತಿತ್ತು. ತನ್ನ ಕೈಯಿಂದ ಹೋದ ಸಾವಿರಾರು ಬಾಟಲಿಗಳು ಹೀಗೆ ಹಲ್ಲಿಗೂ ಮೊಣಕಾಲಿಗೂ ಸಿಕ್ಕಿ ನರಳುತ್ತಿದ್ದವೆಂದು ಅವಳಿಗೆ ಇಷ್ಟು ವರ್ಷ ತಿಳಿದೇ ಇರಲಿಲ್ಲ.

ಕೊನೆಗೆ ಉಳಿದದ್ದು ಒಂದು ಜೊತೆ. "ನಿಮ್ಮ ಹಳೇ ಆಫೀಸಿಗೆ ನೀವೇ ಹೋಗಿಬನ್ನಿ ಅತ್ತೆ, ಗೊತ್ತಿರೋ ಜಾಗ" ಎಂದಳು ಸೊಸೆ.

ಕೆಲಸ ಬಿಟ್ಟ ಮೇಲೆ ಅವಳು ಆ ಕಟ್ಟಡದೊಳಗೆ ಕಾಲಿಟ್ಟಿರಲಿಲ್ಲ. ಕಲ್ಲಿನ ಮೆಟ್ಟಿಲುಗಳು ಅವೇ. ನಡುವೆ ಇನ್ನಷ್ಟು ಸವೆದಿದ್ದವು. ಹತ್ತುವಾಗ ಅವಳ ಕಾಲಿಗೆ ಎಣಿಕೆ ತಾನಾಗಿ ಬಂತು, ಹನ್ನೊಂದಾದ ಮೇಲೆ ತಿರುವು, ಮತ್ತೆ ಒಂಬತ್ತು. ಮೇಲೆ ಎಲ್ಲ ಬದಲಾಗಿತ್ತು. ಕಡತದ ಕೋಣೆಯಿದ್ದ ಕಡೆ ಗಾಜಿನ ಗೋಡೆ. ಟಪಾಲು ವಿಭಾಗದಲ್ಲಿ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿ. ಅವಳು ಬಾಟಲಿಯನ್ನು ತಿರುಗಿಸಿ ನೋಡಿ ನಕ್ಕಳು.

"ಅಯ್ಯೋ ಅಮ್ಮ, ಇದನ್ನ ನಾನು ಶಾಲೇಲಿ ನೋಡಿದ್ದು! ಈಗ ಎಲ್ಲಾ ಇದರಲ್ಲೇ ಹೋಗುತ್ತೆ" ಎಂದು ಕಂಪ್ಯೂಟರನ್ನು ತೋರಿಸಿದಳು. "ಕೆಳಗೆ ಮೆಟ್ಟಿಲ ಪಕ್ಕ ಫಾರಂ ತುಂಬಿಕೊಡೋ ಅಜ್ಜ ಇದ್ದಾರೆ ನೋಡಿ. ಅವರು ದಿನವಿಡೀ ಫೋಟೋ ಅಂಟಿಸ್ತಾ ಇರ್ತಾರೆ."

ಹೊರಡುವ ಮುಂಚೆ ಗೋಂದಮ್ಮ ಕಿಟಕಿಯ ಕಡೆ ಒಮ್ಮೆ ನೋಡಿದಳು. ಕಟ್ಟೆಯ ಮೇಲೆ ಯಾರದೋ ಛತ್ರಿ ಒಣಗುತ್ತಿತ್ತು.

ಕೆಳಗೆ ಮೆಟ್ಟಿಲ ಮಗ್ಗುಲಲ್ಲಿ ಸಣ್ಣ ಮೇಜು, ಎರಡು ಸ್ಟೂಲು. ಬಿಳಿ ಹುಬ್ಬಿನ ಮುದುಕನೊಬ್ಬ ಯಾರದೋ ಅರ್ಜಿಯ ಮೇಲೆ ಬಗ್ಗಿದ್ದ. ಅವಳು ಹತ್ತಿರ ಹೋಗಿ ನಿಂತಾಗ ತಲೆ ಎತ್ತಲಿಲ್ಲ; ಮೂಗನ್ನಷ್ಟೇ ಎತ್ತಿದ. ಎರಡು ಸಲ ಉಸಿರೆಳೆದುಕೊಂಡ.

"ಲವಂಗ" ಎಂದ. ಆಮೇಲೆ ನಿಧಾನವಾಗಿ ಮುಖ ಮೇಲೆತ್ತಿ ಅವಳ ಗುರುತು ಹಿಡಿದು, "ಟಪಾಲಮ್ಮ!" ಎಂದ.

ಆ ಕಾಲದ ಕಚೇರಿಯ ಜವಾನ. ಎಲ್ಲ ಕೋಣೆ, ಎಲ್ಲ ಕಪಾಟಿನ ಕೀಲಿಗಳೂ ಇವನ ಸೊಂಟದಲ್ಲಿ ತೂಗುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಇವನು ಕೀಲಿಕೈ. ಬೆಳಿಗ್ಗೆ ಬಾಗಿಲು ತೆಗೆಯುವವನು, ಸಂಜೆ ಎಲ್ಲರೂ ಹೋದ ಮೇಲೆ ಮೇಜು ಒರೆಸಿ, ಶಾಯಿ ತುಂಬಿಸಿ, ಬೀಗ ಹಾಕುವವನು ಇವನೇ.

"ಕೀಲಿಕೈ ಅಣ್ಣ, ನೀವಾ! ಇನ್ನೂ ಇಲ್ಲೇ ಇದ್ದೀರಾ?"

"ಒಳಗಿಂದ ಕಳಿಸಿದರು, ಹೊರಗೆ ಕೂತೆ. ಮನೇಲಿ ಕೂತರೆ ಮುದುಕ ಆಗಿಬಿಡ್ತೀನಿ ಅಂತ ಭಯ" ಎಂದು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. ಯಜಮಾನರು ತೀರಿಕೊಂಡ ಸುದ್ದಿ ಅವನಿಗೆ ತಿಳಿದಿತ್ತು. ಸ್ಟೂಲನ್ನು ಅಂಗಿಯ ತುದಿಯಿಂದ ಒರೆಸಿ ಅವಳ ಕಡೆ ನೂಕಿದ. ಅವಳು ಸೊಸೆ ಹೇಳಿಕೊಟ್ಟ ಹಾಗೆ ಎರಡು ಬಾಟಲಿ ಇಟ್ಟು, ಒಂದೇ ವಾಕ್ಯ ಹೇಳಿ ಬಂದಳು.

ಹದಿನೈದು ದಿನ ಕಳೆಯಿತು. ಅತ್ತೆ ಸೊಸೆ ಮನೆಮನೆ ತಿರುಗಿ ಬಾಟಲಿ ನೋಡಿದರು. ಲಕೋಟೆಯವಳು ಹೊಸದನ್ನು ಪೂರ್ತಿ ಖಾಲಿ ಮಾಡಿ, ಹಳೆಯದನ್ನು ಮುಟ್ಟಿಯೇ ಇರಲಿಲ್ಲ. ಕಟ್ಟು ಹಾಕುವವನು, "ಒಳಗಿನ ಬಳೆ ಇಕ್ಕಟ್ಟು, ಬ್ರಷ್ಷಿನ ಕೂದಲು ಬಾಗುತ್ತೆ. ಅದೊಂದು ಸರಿಮಾಡಿದರೆ ನನ್ನ ಉಳಿದ ಹಲ್ಲು ನಿಮ್ಮ ಹೆಸರು ಹೇಳ್ಕೊಂಡು ಬದುಕುತ್ತೆ" ಎಂದ. ಕರಕುಶಲದ ಟೀಚರು ಮಾತ್ರ ಎರಡೂ ಕೈ ಜೋಡಿಸಿಬಿಟ್ಟರು.

"ಈ ಟಪ್ ಅನ್ನೋ ಸದ್ದು ಕೇಳಿ ಮಕ್ಕಳಿಗೆ ಹುಚ್ಚು ಹಿಡಿದಿದೆ ಅಮ್ಮ. ಗೋಂದು ಬೇಕಿಲ್ಲ, ಕಾಗದ ಬೇಕಿಲ್ಲ, ಒಂದು ಗಂಟೆ ಟಪ್ ಟಪ್ ಟಪ್. ಪಕ್ಕದ ಕ್ಲಾಸಿನ ಮೇಷ್ಟ್ರು ಬಂದು ನನ್ನ ಜೊತೆ ಜಗಳ ಆಡಿದರು."

ಸೊಸೆ ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡಳು, ಬೈಗುಳವನ್ನೂ ಬಿಡದೆ. ಕೀಲಿಕೈಯ ಬಾಟಲಿ ನೋಡುವುದೊಂದು ಬಾಕಿಯಿತ್ತು. ಸೊಸೆಗೆ ಲೇತ್ ಅಂಗಡಿಯಲ್ಲಿ ಕೆಲಸ. ಗೋಂದಮ್ಮ ಒಬ್ಬಳೇ ಹೋದಳು.

ಅವನ ಮೇಜಿನ ಮೇಲೆ ಎರಡೂ ಬಾಟಲಿ ಸರಿಸಮ ಅರ್ಧಕ್ಕೆ ಇಳಿದಿದ್ದವು. ಅಷ್ಟೊತ್ತಿಗೆ ಒಬ್ಬ ಗಿರಾಕಿ ಫೋಟೋ ತಂದ. ಕೀಲಿಕೈ ಹಳೆಯ ಬಾಟಲಿ ಎತ್ತಿಕೊಂಡು ಎರಡೇ ಬೆರಳಲ್ಲಿ ಮುಚ್ಚಳ ತಿರುಗಿಸಿದ. ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಬಂತು. ಫೋಟೋ ಅಂಟಿಸಿದ ಮೇಲೆ ಮಂಡಿಯ ಮೇಲಿದ್ದ ಒದ್ದೆಬಟ್ಟೆಯಿಂದ ಬಾಟಲಿಯ ಕತ್ತನ್ನು ಒಂದು ಸುತ್ತು ಒರೆಸಿ ಮುಚ್ಚಿದ.

"ಅಣ್ಣ, ಹಳೇ ಮುಚ್ಚಳ ಅಂಟಲೇ ಇಲ್ವಾ?"

"ಯಾಕೆ ಅಂಟುತ್ತೆ? ಒರೆಸಿಟ್ಟರೆ ಯಾವ ಬಾಟಲಿಯೂ ಅಂಟಲ್ಲ. ಮೂವತ್ತೈದು ವರ್ಷ ಆ ಆಫೀಸಿನ ಅಷ್ಟೂ ಬಾಟಲಿ ಒರೆಸಿದ ಕೈ ಇದು. ಒಂದು ದಿನ ಒಂದು ಬಾಟಲಿ ಅಂಟಿದ್ದಿಲ್ಲ." ಹೊಸದನ್ನು ಎತ್ತಿ ತೋರಿಸಿದ. "ನಾನು ಬಟ್ಟೇಲಿ ಮಾಡೋದನ್ನ ಇದು ತಾನೇ ಮಾಡ್ಕೊಳ್ಳುತ್ತೆ. ಜಾಣ ಬಾಟಲಿ. ನನ್ನ ಹಾಗೆ ಒರೆಸೋ ಜವಾನ ಎಲ್ಲರಿಗೂ ಸಿಗ್ತಾನಾ? ಇದನ್ನೇ ಮಾಡಿ."

ಗೋಂದಮ್ಮ ಹೂಂಗುಟ್ಟಿದಳು. ಆಮೇಲೆ ಅವನ ಮಾತು ಅವಳಿಗೆ ಎಲ್ಲೋ ತೊಡರಿತು.

"ಒಂದು ಬಾಟಲಿಯೂ ಅಂಟಿದ್ದಿಲ್ಲ ಅಂದ್ರೆ ಹೇಗೆ ಅಣ್ಣ? ನಮ್ಮ ಟಪಾಲು ವಿಭಾಗದ್ದು ದಿನಾ ಬೆಳಿಗ್ಗೆ ಅಂಟಿರುತ್ತಿತ್ತಲ್ಲ?"

ಕೀಲಿಕೈ ಒದ್ದೆಬಟ್ಟೆಯನ್ನು ಮಡಿಸಿದ. ಬಿಚ್ಚಿದ. ಮತ್ತೆ ಮಡಿಸಿದ.

"ಅದು ಬೇರೆ ವಿಷಯ ಬಿಡಿ ಟಪಾಲಮ್ಮ."

"ಬೇರೆ ಅಂದ್ರೆ?"

"ಹಳೇ ಕಥೆ. ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

"ಯಾರಿಗೆ?"

ಮುದುಕ ಬಟ್ಟೆಯನ್ನು ಮೇಜಿನ ಮೇಲಿಟ್ಟ. "ಮಾತು ತೆಗೆದುಕೊಂಡವರೇ ಹೋದ ಮೇಲೆ ಇನ್ನು ಯಾರಿಗೆ ಕಾಯೋದು" ಎಂದು ತನಗೆ ತಾನೇ ಹೇಳಿಕೊಂಡು ಶುರುಮಾಡಿದ. "ಸಂಜೆ ನಾನು ಎಲ್ಲಾ ಬಾಟಲಿ ಒರೆಸಿ ಇಡ್ತಿದ್ದೆ. ನಿಮ್ಮದನ್ನೂ. ಬೀಗ ಹಾಕೋಕೆ ಬಂದರೆ ನಿಮ್ಮ ಯಜಮಾನರು ಮಾತ್ರ ಇನ್ನೂ ಕಡತದ ಕೋಣೆಯಲ್ಲೇ ಇರೋರು. ಏನೋ ಹುಡುಕ್ತಾ ಇದ್ದೀನಿ ಅನ್ನೋರು. ಕಳ್ಳನಿಗೊಂದು ಪಿಳ್ಳೆ ನೆವ. ಒಂದು ದಿನ ಅವರು ಇಳಿದು ಬರಲಿ ಅಂತ ಕೆಳಗೆ ಕಾಯ್ತಿದ್ದೋನು, ಛತ್ರಿ ಮರೆತೆ ಅಂತ ವಾಪಸ್ ಮೇಲೆ ಬಂದೆ. ನೋಡ್ತೀನಿ, ನಿಮ್ಮ ಮೇಜಿನ ಹತ್ತಿರ ನಿಂತು, ಬಾಟಲಿ ಕತ್ತಿಗೆ ಬ್ರಷ್ಷಲ್ಲಿ ಸುತ್ತಲೂ ಗೋಂದು ಸವರಿ, ಹಲ್ಲು ಕಚ್ಚಿ ಮುಚ್ಚಳ ಬಿಗೀತಾ ಇದ್ದಾರೆ! ಏನು ಸ್ವಾಮಿ ಇದು ಅಂದೆ. ಬೆವರಿಬಿಟ್ಟರು ಪಾಪ. 'ನಾಳೆ ಬೆಳಿಗ್ಗೆ ಆಕೆ ನನ್ನನ್ನ ಕರೀಬೇಕಲ್ಲಪ್ಪ, ಯಾರಿಗೂ ಹೇಳಬೇಡ' ಅಂದರು. ನೀವು ಕೆಲಸಕ್ಕೆ ಸೇರಿ ಮೊದಲ ವಾರ ಅದು. ನಿಮ್ಮನ್ನ ಮೊದಲು ನೋಡಿದ್ದು ನೀವು ಸೇರೋ ಹಿಂದಿನ ದಿನ, ಕೆಲಸದ ಕಾಗದ ತಗೊಳ್ಳೋಕೆ ಬಂದಾಗಂತೆ. ಅವತ್ತು ಸಂಜೆಯಿಂದಲೇ ಶುರು."

ಗೋಂದಮ್ಮ ಹಳೆಯ ಬಾಟಲಿಯನ್ನು ಎತ್ತಿ ಕೈಯಲ್ಲಿ ಹಿಡಿದಳು. ಮೆಟ್ಟಿಲ ಮೇಲೆ ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು.

"ಆಮೇಲೆ ನಾನು ಒರೆಸೋದು, ಅವರು ಮೆತ್ತೋದು. ಇದ್ಯಾವ ಸುಖಕ್ಕೆ ಅಂತ ಆ ಒಂದು ಬಾಟಲಿ ಒರೆಸೋದೇ ಬಿಟ್ಟೆ."

"ಹದಿನಾಲ್ಕು ತಿಂಗಳು" ಎಂದಳು ಗೋಂದಮ್ಮ.

"ಹೂಂ. ಮದುವೆ ಆದಮೇಲೆ ಅದನ್ನೂ ಮತ್ತೆ ಒರೆಸಿಡೋಕೆ ಶುರುಮಾಡಿದೆ. ಆಮೇಲೆ ಆ ಬಾಟಲಿ ಯಾವತ್ತಾದರೂ ಅಂಟಿತಾ, ನೆನಪು ಮಾಡ್ಕೊಳ್ಳಿ."

ಅಂಟಿರಲಿಲ್ಲ. ಮದುವೆಯಾದ ಮೇಲೆ ಬೆಳಿಗ್ಗೆ ಬಾಟಲಿಯ ಕಡೆ ಅವಳ ಗಮನವೇ ಹೋಗಿರಲಿಲ್ಲ. ಅವಳಿಗೆ ಮೊದಲು ನಗು ಬಂತು. ಭುಜ ಕುಣಿಯುವಂಥ ನಗು. ನಗುತ್ತಿದ್ದ ಹಾಗೇ ಕಣ್ಣು ತುಂಬಿ, ಮೇಜಿನ ಮೇಲಿದ್ದ ಯಾರದೋ ಅರ್ಜಿ ಮಂಜಾಯಿತು.

"ಅಣ್ಣ, ನನ್ನದೂ ಒಂದು ಕಳ್ಳತನ ಇದೆ" ಎಂದಳು.

"ಗೊತ್ತು" ಎಂದ ಕೀಲಿಕೈ.

"ಏನು ಗೊತ್ತು?"

"ಅವರು ಜ್ವರ ಅಂತ ರಜೆ ಹಾಕಿದಾಗ, ಪಾಪ ಹೆಣ್ಣುಮಗಳು ಒದ್ದಾಡ್ತಾಳಲ್ಲ ಅಂತ ನಾನೇ ತೆಗೆದುಕೊಡೋಕೆ ಬಂದೆ. ಬಾಗಿಲ ಹತ್ತಿರ ನಿಂತು ನೋಡಿದೆ. ಅವರು ಹಿಂದಿನ ಸಂಜೆ ಜ್ವರದಲ್ಲೂ ಬಿಗಿದು ಹೋದ ಮುಚ್ಚಳ ಅದು. ನೀವು ಒಂದೇ ತಿರುವಿಗೆ ಕಿತ್ತು ಪಕ್ಕಕ್ಕಿಟ್ರಿ. ನಾನು ಸದ್ದಿಲ್ಲದೆ ವಾಪಸ್ ಹೋದೆ."

"ಅವರಿಗೆ ಹೇಳಲಿಲ್ವಾ?"

"ಅವರದ್ದು ನಿಮಗೆ ಹೇಳಿದ್ನಾ? ಕೀಲಿಕೈ ಇಟ್ಟುಕೊಂಡೋನು ಬಾಯಿಗೂ ಬೀಗ ಹಾಕ್ಕೋಬೇಕು ಟಪಾಲಮ್ಮ. ಇಲ್ಲದೆ ಹೋದರೆ ಮೂವತ್ತೈದು ವರ್ಷ ಒಂದು ಆಫೀಸಲ್ಲಿ ಬಾಳೋಕೆ ಆಗುತ್ತಾ?"

ಮನೆಗೆ ಅವಳು ಬಸ್ಸು ಹತ್ತದೆ ನಡೆದೇ ಹೊರಟಳು. ದಾರಿಯುದ್ದಕ್ಕೂ ಲೆಕ್ಕವಿಲ್ಲದಷ್ಟು ಬೆಳಗುಗಳು ಕಣ್ಣ ಮುಂದೆ ಬಂದವು. ಎರಡೂ ಕಡೆಯಿಂದ ನಾಟಕ! ಒಬ್ಬ ಸಂಜೆ ಬಿಗಿಯುವುದು, ಅವನೇ ಬೆಳಿಗ್ಗೆ ಏದುಸಿರು ಬಿಟ್ಟು ತೆಗೆಯುವುದು. ಒಬ್ಬಳು ಅಬ್ಬಾ ಎಂದು ಕಣ್ಣರಳಿಸಿ ನೋಡುವುದು. ಅವಳಿಗೆ ಖುಷಿಯಾಯಿತು. ಆದರೂ ತಾನು ಒಂದು ಸಲ ಹೇಳಿಬಿಟ್ಟಿದ್ದರೆ ಅವನೂ ಹೇಳುತ್ತಿದ್ದನೇನೋ. ಅಡುಗೆಮನೆಯಲ್ಲಿ ಕೂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗಬಹುದಿತ್ತು. ಆ ಒಂದು ನಗು ನಗದೇ ಉಳಿದುಹೋಯಿತಲ್ಲ ಎಂದುಕೊಂಡಳು. ಮರುಗಳಿಗೆ, ಹೇಳಿದ್ದರೆ ಆಮೇಲಿನ ಮೂವತ್ತೆರಡು ವರ್ಷ "ರೀ, ಬನ್ನಿ ಸ್ವಲ್ಪ" ಎಂದು ಕೂಗಲು ಆಗುತ್ತಿತ್ತೇ ಎಂದೂ ಅನ್ನಿಸಿತು. ಯಾವುದು ಲೇಸಾಗುತ್ತಿತ್ತೆಂದು ಮನೆ ಬಂದರೂ ತೀರ್ಮಾನವಾಗಲಿಲ್ಲ.

ಸೊಸೆ ಶೆಡ್ಡಿನ ಹೊಸ್ತಿಲ ಮೇಲೆ ಕೂತು ಚೀಟಿ ಅಂಟಿಸುತ್ತಿದ್ದಳು. ಅತ್ತೆಯ ಮುಖ ನೋಡಿ ಬ್ರಷ್ಷು ಕೆಳಗಿಟ್ಟಳು.

"ಏನಾಯ್ತು ಅತ್ತೆ? ಅವರಿಗೂ ಹಿಡಿಸಲಿಲ್ವಾ?"

"ಹಿಡಿಸಿತು. ಹೊಸದನ್ನೇ ಮಾಡಿ ಅಂದರು. ಅದಿರಲಿ, ಪಕ್ಕಕ್ಕೆ ಸರಿ" ಎಂದು ಗೋಂದಮ್ಮ ಹೊಸ್ತಿಲ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ರಟ್ಟಿನ ಅಂಗಡಿ, ಕಬ್ಬಿಣದ ಚಕ್ರ, ಜ್ವರದ ಆರು ದಿನ, ಕೀಲಿಕೈ ಛತ್ರಿ ಮರೆತದ್ದು. ಗಂಡ ಹೋದ ಮೇಲೆ ಅವಳು ಇಷ್ಟು ಹೊತ್ತು ಅವನ ಮಾತಾಡಿದ್ದು ಅದೇ ಮೊದಲು. ನಡುವೆ ಮಗ ಗಾಡಿ ನಿಲ್ಲಿಸಿ ಬಂದವನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡ.

"ಅಪ್ಪಾನಾ?" ಎಂದ ಬಾಯಿ ತೆರೆದು. "ಒಂದು ಚೀಟಿ ಸೊಟ್ಟ ಅಂಟಿದರೆ ಇಡೀ ಪೆಟ್ಟಿಗೆ ಬಿಚ್ಚಿಸ್ತಿದ್ದ ಅಪ್ಪಾನಾ?"

"ನಿಮ್ಮಪ್ಪನೇ ಕಣೋ. ಬೇರೆ ಯಾರು?"

ಸೊಸೆ ನಕ್ಕೂ ನಕ್ಕೂ ಸುಸ್ತಾದಳು. ಆಮೇಲೆ ಮೆಲ್ಲಗೆ ಕೇಳಿದಳು: "ಅತ್ತೆ, ಹಾಗಾದರೆ ಹಳೇ ಮುಚ್ಚಳಾನೇ ಇರಲಾ? ಹೊಸದು ಬೇಡ ಅಂದರೆ ಬೇಡ. ನಾನೇನೂ ಅಂದುಕೊಳ್ಳಲ್ಲ."

ಗೋಂದಮ್ಮ ತಲೆಯಾಡಿಸಿದಳು.

"ಅಂಟಿಸಿದ್ದು ಅವರು ಕಣೇ, ಮುಚ್ಚಳ ಅಲ್ಲ. ಅವರು ಹೋದ ಮೇಲೆ ಮುಚ್ಚಳಕ್ಕೆ ಯಾಕೆ ಜೋತುಬೀಳಲಿ? ಆ ಕಟ್ಟಿನವನ ಹಲ್ಲು ನೋಡಿದೆಯಲ್ಲ. ಬಳೆ ಸ್ವಲ್ಪ ಅಗಲ ಮಾಡಿಸು. ಟಪ್ ಅನ್ನೋದು ಬೇಡ, ಮೇಷ್ಟ್ರುಗಳ ಶಾಪ ಯಾಕೆ? ಅರ್ಧ ತಿರುವಿಗೆ ಬಿಚ್ಚೋ ಹಾಗೆ ಮಾಡಿಸು. ಲಕೋಟೆಯವಳ ಒಂದು ಕೈಗೂ ಆಗಬೇಕು, ಮಕ್ಕಳ ಕೈಗೂ ಆಗಬೇಕು."

ಸೊಸೆ ನೋಟುಬುಕ್ಕು ತೆಗೆದು ಬರೆದುಕೊಂಡಳು. ಲೇತ್ ಅಂಗಡಿಯವನು ಮತ್ತೆ ಹನ್ನೆರಡು ಜೊತೆ ಕಡೆದುಕೊಟ್ಟ; ಮತ್ತೆ ಹದಿನೈದು ದಿನ ಬಾಟಲಿಗಳು ಮನೆಮನೆ ತಿರುಗಿದವು. ಈ ಸಲ ಟೀಚರು ತಾವೇ ಹೇಳಿಕಳಿಸಿ ಇನ್ನೂ ನಾಲ್ಕು ತರಿಸಿಕೊಂಡರು. ಅಚ್ಚು ಕೊರೆಸಿದ್ದಾಯಿತು. ಮೂರು ತಿಂಗಳಿಗೆ ಹೊಸ ಮುಚ್ಚಳದ ಮೊದಲ ಪೆಟ್ಟಿಗೆಗಳು ಅಂಗಡಿಗಳಿಗೆ ಹೋದವು. ಗಿರಾಕಿಗಳು ಹೊಗಳಲಿಲ್ಲ, ಗೊಣಗುವುದನ್ನು ನಿಲ್ಲಿಸಿದರು. ಕೌಂಟರಿನಲ್ಲಿ ನಿಂತವರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದಳು ಸೊಸೆ.

ಗೋಂದಮ್ಮ ಈಗ ವಾರಕ್ಕೊಂದು ದಿನ ಗೋಂದು ಸೋಸಿಟ್ಟು, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹಳೆಯ ಕಚೇರಿಯ ಮೆಟ್ಟಿಲ ಬಳಿಗೆ ಹೋಗುತ್ತಾಳೆ. ಆ ಕಟ್ಟಡದಲ್ಲಿ ಗಂಡ ಅವಳಿಗಿಂತ ಐದು ವರ್ಷ ಮೊದಲು ಸೇರಿದವನು. ಆ ಐದು ವರ್ಷದ ಸುದ್ದಿ ಅವಳಿಗೆ ಹೆಚ್ಚು ತಿಳಿಯದು. ಅವನು ಹೇಳಿಕೊಳ್ಳುವ ಜಾತಿಯೂ ಆಗಿರಲಿಲ್ಲ. ಕೀಲಿಕೈಗೆ ಎಲ್ಲವೂ ಗೊತ್ತು. ಆದರೆ ಒಂದು ಸಲಕ್ಕೆ ಒಂದೇ ಹೇಳುತ್ತಾನೆ. "ಇದ್ದದ್ದನ್ನೆಲ್ಲಾ ಒಂದೇ ದಿನ ಕೊಟ್ಟುಬಿಟ್ಟರೆ ಆಮೇಲೆ ನನಗೆ ಚಹಾ ಯಾರು ತರ್ತಾರೆ?" ಎನ್ನುತ್ತಾನೆ.

ಮೊನ್ನೆ ಹೋದಾಗ ಅವನು ಲೋಟ ಊದುತ್ತ ಹೊಸದೊಂದನ್ನು ಶುರುಮಾಡಿದ್ದ. "ಆವತ್ತು ದೊಡ್ಡ ಸಾಹೇಬರು ತಪಾಸಣೆಗೆ ಬರ್ತಾರೆ ಅಂತ ಇಡೀ ಆಫೀಸು ಗಡಗಡ ನಡುಗ್ತಾ ಇತ್ತು. ನಿಮ್ಮ ಯಜಮಾನರು ಬೆಳಿಗ್ಗೆ ಏಣಿ ಹತ್ತಿ ಮೇಲಿನ ಕಪಾಟಿಗೆ ಹೋದವರು, ಮಧ್ಯಾಹ್ನ ಆದರೂ ಇಳಿದಿರಲಿಲ್ಲ..."

ಅಷ್ಟರಲ್ಲಿ ಒಬ್ಬ ಹೆಂಗಸು ಅರ್ಜಿ, ಎರಡು ಫೋಟೋ ಹಿಡಿದುಕೊಂಡು ಬಂದು ನಿಂತಳು. ತುರ್ತು ಎಂದಳು. ಕೀಲಿಕೈ ಲೋಟ ಕೆಳಗಿಟ್ಟು ಪೆನ್ನಿಗೆ ಕೈಹಾಕಿದ.

"ನೀವು ಫಾರಂ ತುಂಬಿ, ಕಥೆ ನಿಲ್ಲಿಸಬೇಡಿ" ಎಂದು ಗೋಂದಮ್ಮ ಸ್ಟೂಲನ್ನು ಮೇಜಿಗೆ ಎಳೆದುಕೊಂಡಳು. "ಫೋಟೋ ನಾನು ಅಂಟಿಸ್ತೀನಿ. ಯಾಕೆ ಇಳೀಲಿಲ್ಲ ಅವರು?"